ನಾನು ಬಿಟ್ಟ ಒಂದು ಮೂರು

ಈ ಸಲ ಶಾಲೆಗಳು ಶುರುವಾದ ಹೊಸದರಲ್ಲಿ ಹುಣಸೂರಿನಲ್ಲಿ ಗಣಿತದ ಹೊಸ ಶಿಕ್ಷಕರಿಗೆ ಒಂದು ದಿನದ ತರಬೇತಿ ಇತ್ತು. ನಿವೃತ್ತಳಾಗಿ ಮನೆಯಲ್ಲಿದ್ದ ನನ್ನನ್ನೂ ಕರೆಸಿ, ಅನುಭವ ಹೇಳಿ ಎಂದು ಮೈಕು ಕೈಗೆ ಕೊಟ್ಟರು. ಮಗ್ಗಿ ಹೇಗೆ ಬಾಯಿಪಾಠ ಮಾಡಿಸಬೇಕು, ಪಾಠಟಿಪ್ಪಣಿ ಹೇಗೆ ಬರೆಯಬೇಕು ಎಂದು ಅರ್ಧ ಗಂಟೆ ಮಾತಾಡಿ ಚಪ್ಪಾಳೆ ಹೊಡೆಸಿಕೊಂಡು ಕೂತೆ. ಊಟದ ಹೊತ್ತಿಗೆ ಪಿರಿಯಾಪಟ್ಟಣದ ಕಡೆ ಕೆಲಸಕ್ಕೆ ಸೇರಿದ ಒಬ್ಬ ಹುಡುಗಿ ತಟ್ಟೆ ಹಿಡಿದು ಪಕ್ಕಕ್ಕೆ ಬಂದಳು.

"ಮೇಡಂ, ಒಂದು ಕೇಳ್ಲಾ? ನಿಮಗೆ ಯಾವತ್ತಾದ್ರೂ ಬೋರ್ಡ್ ಮೇಲೆ ಲೆಕ್ಕ ತಪ್ಪಿತ್ತಾ? ಆಗ ಏನ್ ಮಾಡಿದ್ರಿ?"

"ತಪ್ಪದೆ ಇರ್ತದೇನಮ್ಮ? ಒರೆಸಿ ಮತ್ತೆ ಬರೆದೆ," ಎಂದು ನಕ್ಕು ಮಾತು ಹಾರಿಸಿದೆ. ಮನೆಗೆ ಬಂದ ಮೇಲೆ ಆ ನಗು ನನಗೇ ಹೇಸಿಗೆಯಾಯಿತು. ಆ ಹುಡುಗಿಗೆ ಹೇಳಬೇಕಿದ್ದ ಉತ್ತರ ಬೇರೆ ಇತ್ತು. ಅದನ್ನು ಇಲ್ಲಿ ಬರೆಯುತ್ತಿದ್ದೇನೆ. ಬಡ್ತಿ, ವರ್ಗಾವಣೆ, ಸನ್ಮಾನದ ಶಾಲುಗಳ ಪಟ್ಟಿ ಯಾರಿಗೂ ಬೇಡ.

ನನ್ನ ಮೊದಲ ಶಾಲೆ ಎಚ್.ಡಿ. ಕೋಟೆಯಿಂದ ಮುಂದೆ, ಕಾಡಿನ ಅಂಚಿನಲ್ಲಿತ್ತು. ಜೂನ್ ತಿಂಗಳಲ್ಲಿ ಸೀಮೆಸುಣ್ಣ ಸಹ ಬಂದಿರುತ್ತಿರಲಿಲ್ಲ. ಮಕ್ಕಳಿಗೆ ಹುಣಸೆ ಬೀಜ ತರಲು ಹೇಳಿ ನೆಲದ ಮೇಲೆ ಲೆಕ್ಕ ಕಲಿಸಿದೆ. ಹನ್ನೆರಡು ಬೀಜ ಕೊಟ್ಟು ಸಮನಾದ ಸಾಲು ಮಾಡಿ ಎಂದರೆ ಎರಡು ಸಾಲು, ಮೂರು ಸಾಲು, ನಾಲ್ಕು ಸಾಲು, ಹೇಗೆ ಬೇಕಾದರೂ ಕೂರುತ್ತವೆ. ಹದಿಮೂರು ಕೊಟ್ಟರೆ ಎಷ್ಟು ಒದ್ದಾಡಿದರೂ ಕೂರುವುದಿಲ್ಲ. ಒಂದೇ ಉದ್ದನೆಯ ಸಾಲಾಗುತ್ತದೆ, ಅಷ್ಟೆ. ಇಂಥದ್ದಕ್ಕೆ ಅವಿಭಾಜ್ಯ ಸಂಖ್ಯೆ ಎನ್ನುತ್ತಾರೆ ಎಂದು ನಾನು ಹೇಳುವ ಮೊದಲೇ ಒಬ್ಬಳು, "ಇದು ಒಂಟಿ ಲೆಕ್ಕ ಕಣ್ ಮಿಸ್, ಯಾರ್ ಜೊತೆಗೂ ಸೇರಕಿಲ್ಲ," ಎಂದಳು. ಆಮೇಲೆ ನಾನು ಓದಿದ ಯಾವ ಪುಸ್ತಕದಲ್ಲೂ ಅದಕ್ಕಿಂತ ಒಳ್ಳೆಯ ವಿವರಣೆ ಸಿಕ್ಕಲಿಲ್ಲ.

ಅಲ್ಲೇ ಇನ್ನೊಂದು ಪದ್ಧತಿ ಶುರು ಮಾಡಿದೆ. ಮಕ್ಕಳು ಲೆಕ್ಕ ತಪ್ಪಿದಾಗಲೆಲ್ಲ ಪುಸ್ತಕದ್ದೇ ತಪ್ಪು ಎಂದು ವಾದ ಹೂಡುತ್ತಿದ್ದರು. ಬೆತ್ತ ಹಿಡಿಯಲು ನನಗೆ ಮನಸ್ಸಿರಲಿಲ್ಲ. ಅದಕ್ಕೆ ಬದಲಾಗಿ, ತಪ್ಪಿದವರು ಎದ್ದು ನಿಂತು "ಲೆಕ್ಕ ಸರಿ, ನಾನು ತಪ್ಪು" ಎನ್ನಬೇಕು, ಕೊನೆಯ ಬೆಂಚಿಗೆ ಕೇಳಿಸಬೇಕು, ಆಮೇಲೆ ನಾನು "ಕೂತ್ಕೋ" ಎನ್ನುತ್ತೇನೆ ಎಂದು ನಿಯಮ ಮಾಡಿದೆ. ಹೊಡೆಯದೆ ಬಡಿಯದೆ ಶಿಸ್ತು ಕಲಿಸುವ ಮೇಡಂ ಎಂದು ನನಗೆ ಹೆಸರು ಬಂತು. ಆ ಹೆಸರಿನಿಂದ ಒಳಗೊಳಗೇ ಬೀಗಿದೆ. ನಾನೂ ತಪ್ಪಿದರೆ ಅದೇ ಮಾತು ಹೇಳುತ್ತೇನೆ ಎಂದು ಪ್ರತಿ ವರ್ಷ ಮೊದಲ ದಿನ ಮಕ್ಕಳಿಗೆ ಮಾತು ಕೊಡುತ್ತಿದ್ದೆ. ಕೊಡುತ್ತಿದ್ದೆ, ಅಷ್ಟೆ. ಸಣ್ಣಪುಟ್ಟದ್ದು ತಪ್ಪಿದಾಗ ಡಸ್ಟರ್ ನನ್ನ ಕೈಯಲ್ಲೇ ಇರುತ್ತಿತ್ತಲ್ಲ.

ಈಗ ಆ ಸಂಖ್ಯೆಯ ವಿಷಯಕ್ಕೆ ಬರುತ್ತೇನೆ.

31 ಅವಿಭಾಜ್ಯ. ಅದರ ಎಡಕ್ಕೆ ಒಂದು ಮೂರು ಸೇರಿಸಿ 331 ಮಾಡಿ, ಅದೂ ಅವಿಭಾಜ್ಯ. 3331, ಅದೂ ಅಷ್ಟೇ. ಇದು ಒಂದು ಮಧ್ಯಾಹ್ನ ಸುಮ್ಮನೆ ಕೂತಿದ್ದಾಗ ನನ್ನ ಕಣ್ಣಿಗೆ ಬಿತ್ತು. ಒಂದು ಸಂಖ್ಯೆ ಅವಿಭಾಜ್ಯ ಹೌದೋ ಅಲ್ಲವೋ ನೋಡಲು ಅದರ ವರ್ಗಮೂಲದವರೆಗಿನ ಅವಿಭಾಜ್ಯಗಳಿಂದ ಮಾತ್ರ ಭಾಗಿಸಿದರೆ ಸಾಕು. 33331ಕ್ಕೆ ನಲವತ್ತೆರಡು ಭಾಗಾಕಾರ. ಒಂದು ವಾರದಲ್ಲಿ ಮುಗಿಸಿದೆ; ಅದೂ ಅವಿಭಾಜ್ಯ. 333331ಕ್ಕೆ ನೂರಾ ಆರು. ಒಂದು ಬೇಸಿಗೆ ರಜೆ ಹಿಡಿಯಿತು. ಆರು ಮೂರುಗಳ ಸಂಖ್ಯೆಗೆ ಇನ್ನೂರ ಎಂಬತ್ತು ಚಿಲ್ಲರೆ, ಏಳು ಮೂರುಗಳ 33333331ಕ್ಕೆ ಏಳುನೂರಕ್ಕೂ ಹೆಚ್ಚು. ಮನೆ, ಬಸ್ ಸ್ಟ್ಯಾಂಡು, ಪರೀಕ್ಷಾ ಕೊಠಡಿಯ ಮೇಲ್ವಿಚಾರಣೆ ಎನ್ನದೆ ಕೂತಲ್ಲಿ ಭಾಗಿಸಿದೆ. ವರ್ಷಗಳೇ ಹೋದವು. ಒಂದು ಸಲವೂ ಶೇಷ ಸೊನ್ನೆ ಬರಲಿಲ್ಲ. ಮೂರು ಕೋಟಿ ದಾಟಿದ ಸಂಖ್ಯೆಯೊಂದು ಯಾವ ಸಾಲಿಗೂ ಕೂರದೆ ಒಂಟಿಯಾಗಿ ನಿಂತಿದೆ, ಅದು ನನ್ನ ಕೈಯಾರೆ ಗೊತ್ತಾಗಿದೆ ಎಂಬ ಸಂತೋಷವನ್ನು ಯಾರಿಗೆ ಹೇಳಲಿ? ನನ್ನ ಯಜಮಾನರಿಗೆ ಹೇಳಿದರೆ, "ಒಳ್ಳೇದಾಯ್ತು, ಈಗ ಕಾಫಿ ಕೊಡ್ತೀಯಾ?" ಎಂದರು.

ಅಲ್ಲಿಗೆ ನಾನೊಂದು ತೀರ್ಮಾನಕ್ಕೆ ಬಂದೆ. ಎಷ್ಟೇ ಮೂರು ಬರೆದು ಕೊನೆಗೊಂದು ಒಂದು ಇಟ್ಟರೂ ಅದು ಅವಿಭಾಜ್ಯ. ಇದು ನಾನೇ ಕಂಡುಕೊಂಡ ನಿಯಮ ಎಂದು ತರಗತಿಗಳಲ್ಲಿ ಕಲಿಸತೊಡಗಿದೆ.

ಆ ಹೊತ್ತಿಗೆ ಬಿಳಿಕೆರೆಯಿಂದ ಒಳಗೆ ಹೋಗುವ ರಸ್ತೆಯ ಒಂದು ಹೈಸ್ಕೂಲಿನಲ್ಲಿದ್ದೆ. ಊರಿನ ಹೆಸರು ಬೇಡ. ಒಂಬತ್ತನೇ ತರಗತಿಯಲ್ಲಿ ಮಂಜುಳ ಎಂಬ ಹುಡುಗಿ ಇದ್ದಳು. ಮನೆಯಲ್ಲಿ ಹೊಗೆಸೊಪ್ಪು ಬೆಳೆಯುತ್ತಿದ್ದರು. ಸೊಪ್ಪು ಮುರಿಯುವ ಕಾಲದಲ್ಲಿ ಬೆಳಗ್ಗೆ ಎದ್ದು, ಸೊಪ್ಪು ಒಣಗಿಸುವ ಕೋಣೆಯಾದ ಬ್ಯಾರನ್ನಿಗೆ ಏರಿಸುವ ಕಡ್ಡಿಗಳಿಗೆ ಎಲೆ ಕಟ್ಟಿ, ಆಮೇಲೆ ಶಾಲೆಗೆ ಬರುತ್ತಿದ್ದಳು. ಬೆರಳಿಗೆ ಹತ್ತಿದ ಸೊಪ್ಪಿನ ಅಂಟು ಎಷ್ಟು ತೊಳೆದರೂ ಹೋಗುತ್ತಿರಲಿಲ್ಲ. ಅವಳ ನೋಟ್‌ಬುಕ್ಕಿನ ಪ್ರತಿ ಹಾಳೆಯ ಮೂಲೆಯಲ್ಲೂ ಕಂದು ಹೆಬ್ಬೆಟ್ಟಿನ ಗುರುತು ಇರುತ್ತಿತ್ತು. ದೊಡ್ಡವಳಾದ ಮೇಲೆ ಏನಾಗುತ್ತೀಯ ಎಂದು ಕೇಳಿದ್ದಕ್ಕೆ, "ನಿಮ್ಮಂಗೆ ಲೆಕ್ಕದ ಮಿಸ್ ಆಯ್ತೀನಿ," ಎಂದಿದ್ದಳು. ನನ್ನ ಸೇವೆಯಲ್ಲಿ ಹಾಗೆ ಹೇಳಿದವಳು ಅವಳೊಬ್ಬಳೇ.

ಒಂದು ಗುರುವಾರ ಗಣಿತದ ಪರಿವೀಕ್ಷಕರು ಬಂದರು. ನಮ್ಮ ಹೆಡ್‌ಮಾಸ್ಟರು ಕನ್ನಡ ಪಂಡಿತರು. ಗಣಿತವೆಂದರೆ ಅವರಿಗೆ ಬೆವರು. ಬೆಳಗಿನಿಂದ ನನ್ನ ಹಿಂದೆಯೇ ಓಡಾಡಿಕೊಂಡು, "ಮರ್ಯಾದೆ ಉಳಿಸಮ್ಮ, ತಾಯಿ," ಎನ್ನುತ್ತಿದ್ದರು. ನನಗೆ ಹೆದರಿಕೆ ಇರಲಿಲ್ಲ. ನನ್ನ ನಿಯಮ ಇತ್ತಲ್ಲ. ಸಾಹೇಬರು ಹಿಂದಿನ ಬೆಂಚಿನಲ್ಲಿ ಕೂತರು. ನಾನು 31ರಿಂದ ಶುರುಮಾಡಿ ಒಂದೊಂದೇ ಮೂರು ಸೇರಿಸುತ್ತಾ ಹೋದೆ. ಕೊನೆಗೆ ಎಂಟು ಮೂರು, ಒಂದು ಒಂದು, ಬೋರ್ಡಿನ ಅಗಲಕ್ಕೂ ಬರೆದೆ: 333333331.

"ಇದು ಅವಿಭಾಜ್ಯ ಹೌದೋ ಅಲ್ವೋ?"

"ಹೌದು ಮಿಸ್!" ತರಗತಿಗೆ ತರಗತಿಯೇ ಕೂಗಿತು.

ನೋಟ್‌ಬುಕ್ಕಿನ ಕೊನೆಯ ಹಾಳೆಯಿಂದ ತಲೆ ಎತ್ತಿ ಮಂಜುಳ ಎದ್ದು ನಿಂತಳು. "ಅಲ್ಲ ಮಿಸ್. ಅದಿನೇಳ್ರಲ್ಲಿ ಭಾಗ ಆಯ್ತದೆ."

ಸಾಹೇಬರು ಬೆಂಚಿನಿಂದ ಮುಂದಕ್ಕೆ ಬಾಗಿದರು. ಹೆಡ್‌ಮಾಸ್ಟರು ಬಾಗಿಲಲ್ಲಿ ನಿಂತು ಕರವಸ್ತ್ರ ತೆಗೆದರು. ಮಾಡಿಯೇ ತೋರಿಸೋಣ ಎಂದು ನಾನು ಬೋರ್ಡಿನ ಮೇಲೆ ಹದಿನೇಳರಿಂದ ಭಾಗಿಸತೊಡಗಿದೆ. ಮೇಲಿನ ಅಂಕಿಯನ್ನು ಕೆಳಕ್ಕೆ ಇಳಿಸಿಕೊಳ್ಳುವಾಗ ಅದರ ತಲೆಯ ಮೇಲೊಂದು ಚುಕ್ಕೆ ಇಡಬೇಕು, ಇಲ್ಲದಿದ್ದರೆ ಯಾವುದನ್ನು ಇಳಿಸಿದ್ದೇವೆ, ಯಾವುದು ಬಾಕಿ ಎಂದು ಲೆಕ್ಕ ತಪ್ಪುತ್ತದೆ. ಇದನ್ನು ಮಕ್ಕಳಿಗೆ ದಿನಾ ಹೇಳುವವಳು ನಾನೇ. ಆ ದಿನದ ಅವಸರದಲ್ಲಿ ನಾನೇ ಚುಕ್ಕೆ ಇಡಲಿಲ್ಲ. ಮೇಲೆ ಒಂದೇ ತರದ ಎಂಟು ಮೂರು. ಅದರಲ್ಲೊಂದನ್ನು ಇಳಿಸದೆ ಹಾರಿಸಿ ಕೊನೆಯ ಒಂದಕ್ಕೆ ಹೋಗಿಬಿಟ್ಟೆ. ಶೇಷ ಮೂರು ಬಂತು.

"ಏನ್ ಬಂತು?" ಎಂದು ತರಗತಿಯ ಕಡೆ ತಿರುಗಿದೆ.

"ಮೂರು ಮಿಸ್!"

"ಹೇಳು ಮಂಜುಳ."

ಅವಳು ಬೋರ್ಡನ್ನೇ ನೋಡುತ್ತಿದ್ದಳು. ಹೇಳಲಿಲ್ಲ. ಸಾಹೇಬರು ನಕ್ಕು, "ಇರಲಿ, ಬಿಡಿ ಮೇಡಂ," ಎಂದರು. ನಾನು ಬಿಡಲಿಲ್ಲ. "ಲೆಕ್ಕ ಸರಿ, ನಾನು ತಪ್ಪು" ಎನ್ನುವವರೆಗೂ ನನ್ನ ಪಿರಿಯಡ್ಡಿನಲ್ಲಿ ನಿಂತಿರಬೇಕು ಎಂದೆ. ಗುರುವಾರ ನಿಂತಳು. ಶುಕ್ರವಾರ ನಿಂತಳು. ಶನಿವಾರವೂ ನಿಂತಳು. ನಿಂತುಕೊಂಡೇ ನೋಟ್ಸ್ ಬರೆದುಕೊಳ್ಳುತ್ತಿದ್ದಳು. ನನಗೆ ಅದು ಹಟವಾಗಿ ಕಂಡಿತು. ಸಾಹೇಬರ ವರದಿಯಲ್ಲಿ ನಮ್ಮ ಶಾಲೆಯ ಬಗ್ಗೆ ಒಳ್ಳೆಯ ಮಾತು ಬಂದಿತ್ತು, ಹೆಡ್‌ಮಾಸ್ಟರು ಸ್ಟಾಫ್ ರೂಮಿಗೆಲ್ಲ ಖಾರಾಭಾತ್ ತರಿಸಿದ್ದರು.

ಶನಿವಾರ ತಿದ್ದಲು ತಂದ ನೋಟ್‌ಬುಕ್ಕುಗಳಲ್ಲಿ ಅವಳದೂ ಇತ್ತು. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ಜಗಲಿಯಲ್ಲಿ ಕೂತು ಬಿಚ್ಚಿದೆ. ಕೊನೆಯ ಹಾಳೆಯಲ್ಲಿ ಅದೇ ಭಾಗಾಕಾರ ಮೂರು ಸಲ ಮಾಡಿದ್ದಳು. ಪ್ರತಿ ಮೂರರ ತಲೆಯ ಮೇಲೂ ಒಂದೊಂದು ಚುಕ್ಕೆ, ನಾನು ಕಲಿಸಿದ ಹಾಗೆಯೇ. ಎಂಟು ಚುಕ್ಕೆ, ಒಂದರ ಮೇಲೆ ಒಂಬತ್ತನೆಯದು. ಮೂರು ಸಲವೂ ಭಾಗಲಬ್ಧ 19607843, ಶೇಷ ಸೊನ್ನೆ. ಪೆನ್ನು ತೆಗೆದುಕೊಂಡು ನಾನೂ ಮಾಡಿದೆ. ಚುಕ್ಕೆ ಇಟ್ಟು ಮಾಡಿದೆ. ಸೊನ್ನೆ.

ಹಿಂದಿನ ಸಂಖ್ಯೆಗೆ ಏಳುನೂರು ಭಾಗಾಕಾರ ಮಾಡಿದವಳು ಈ ಸಂಖ್ಯೆಗೆ ಏಳು ಮಾಡಿರಲಿಲ್ಲ. ಎರಡು, ಮೂರು, ಐದು, ಏಳು, ಹನ್ನೊಂದು, ಹದಿಮೂರು, ಹದಿನೇಳು. ಏಳನೆಯದರಲ್ಲೇ ನನ್ನ ನಿಯಮ ಮುರಿದು ಬೀಳುತ್ತಿತ್ತು. ಏಳು ಸಲ ಸರಿಯಾಗಿದ್ದದ್ದು ಎಂಟನೆಯ ಸಲವೂ ಸರಿಯಾಗಲೇಬೇಕು ಎಂದು ನಂಬಿಬಿಟ್ಟಿದ್ದೆ. ಆಮೇಲೆ ಕೂತು ಶೇಷಗಳ ಸರದಿ ನೋಡಿದಾಗ ಇನ್ನೂ ಒಂದು ತಿಳಿಯಿತು. ಮೂರುಗಳನ್ನು ಒಂದೊಂದೇ ಸೇರಿಸುತ್ತಾ ಹೋದರೆ, ಮೊದಲ ಸಂಖ್ಯೆಯಾದ 31 ತಾನೇ ಹದಿನೈದು ಹೆಜ್ಜೆಯಾದ ಮೇಲೆ ತಿರುಗಿ ಬಂದು, ಹದಿನಾರು ಮೂರುಗಳ ಸಂಖ್ಯೆಯನ್ನು ಶೇಷವಿಲ್ಲದೆ ಭಾಗಿಸುತ್ತದೆ. ಹದಿನೇಳರ ಹಂಗಿಲ್ಲದಿದ್ದರೂ ಆ ನಿಯಮ ಉಳಿಯುವಂಥದ್ದೇ ಆಗಿರಲಿಲ್ಲ.

ಸೋಮವಾರ ಬೆಳಿಗ್ಗೆ ಮೊದಲು ಹೆಡ್‌ಮಾಸ್ಟರಿಗೆ ಹೇಳಿದೆ. ಅವರು ಹಾಜರಿ ಪುಸ್ತಕದಿಂದ ತಲೆ ಎತ್ತದೆ, "ಈಗ್ಯಾಕಮ್ಮ ಆ ಮಾತು? ವರದಿ ಹೋಗಾಯ್ತು. ಮಕ್ಕಳು ಮರ್ತೂಬಿಟ್ಟಿರ್ತಾರೆ ಬಿಡಿ," ಎಂದರು. ಅವರ ಮೇಲೆ ತಪ್ಪು ಹೊರಿಸಲು ಇದನ್ನು ಬರೆಯುತ್ತಿಲ್ಲ. ನಾನು ಹೇಳಿಯೇ ತೀರುತ್ತೇನೆ ಎಂದು ನಿಶ್ಚಯಿಸಿಕೊಂಡೇ ತರಗತಿಗೆ ಹೋದೆ. ಮಂಜುಳ ಎಂದಿನಂತೆ ಎದ್ದು ನಿಂತಿದ್ದಳು. ನಾನು ಬಾಯಿ ತೆರೆಯುವುದರೊಳಗೆ ಅವಳೇ, ತಲೆ ತಗ್ಗಿಸಿ, "ಲೆಕ್ಕ ಸರಿ, ನಾನು ತಪ್ಪು ಮಿಸ್," ಎಂದಳು.

ಆಗ ನಾನು ಏನೆಂದೆ ಗೊತ್ತೆ? ಅಭ್ಯಾಸಬಲ ಎನ್ನಬೇಕೋ, ಹೇಡಿತನ ಎನ್ನಬೇಕೋ. "ಕೊನೇ ಬೆಂಚಿಗೆ ಕೇಳಲಿಲ್ಲ," ಎಂದೆ.

ಅವಳು ತಲೆ ಎತ್ತಿ, ಜೋರಾಗಿ, ಇನ್ನೊಂದು ಸಲ ಹೇಳಿದಳು. ನಾನು "ಕೂತ್ಕೋ" ಎಂದೆ. ಆಮೇಲೆ ಬೋರ್ಡಿನ ಕಡೆ ತಿರುಗಿ ತ್ರಿಭುಜದ ಪಾಠ ಮಾಡಿದೆ. ಗೆರೆಗಳು ನೆಟ್ಟಗೆ ಬರಲಿಲ್ಲ.

ನಾಳೆ ಹೇಳುತ್ತೇನೆ ಎಂದುಕೊಂಡೆ. ನಾಳೆ ಎಂಬುದು ಎಷ್ಟು ಸುಲಭ ಎಂದು ನಿಮಗೂ ಗೊತ್ತಿರುತ್ತದೆ. ಅವಳು ಆ ವರ್ಷ ಮತ್ತೆ ಕೈ ಎತ್ತಲಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಳು. ಫಲಿತಾಂಶ ಬಂದ ವಾರ ಅವಳಪ್ಪ, ಟವೆಲ್ಲು ಹೆಗಲಿಗೆ ಹಾಕಿಕೊಂಡು ಶಾಲೆಗೆ ಬಂದರು.

"ಮೇಡಮ್ಮೋರೇ, ಹುಣ್ಸೂರ್ ಕಾಲೇಜಲ್ಲಿ ಸೈನ್ಸ್ ಕೊಡ್ಸವಾ ಅಂತ ನಾನು. ಇವ್ಳು, ಲೆಕ್ಕ ನಂಗಾಗಕಿಲ್ಲ ಅಂತ ಕುಂತವ್ಳೆ. ಚಿಕ್ಕೋಳಿದ್ದಾಗಿಂದ ಬ್ಯಾರನ್ ಗ್ವಾಡೆ ಮ್ಯಾಲೆಲ್ಲ ಇದ್ಲಲ್ಲಿ ಲೆಕ್ಕ ಬರ್ದೋಳು. ನೀವೊಂದ್ ಮಾತ್ ಏಳಿ. ನಿಮ್ ಮಾತು ಅಂದ್ರೆ ಕೇಳ್ತಾಳೆ."

ಕರೆದುಕೊಂಡು ಬನ್ನಿ, ನಾನು ಮಾತಾಡುತ್ತೇನೆ ಎನ್ನಬಹುದಿತ್ತು. ಅವಳ ಮುಖ ನೋಡುವ ಧೈರ್ಯ ನನಗಿರಲಿಲ್ಲ. "ಅವಳಿಷ್ಟ ಏನೋ ಹಾಗೆ ಮಾಡಿ," ಎಂದು ಕಳಿಸಿದೆ. ಅವಳು ಆರ್ಟ್ಸ್ ತಗೊಂಡಳು, ಮುಗಿಸಲಿಲ್ಲ, ಮದುವೆಯಾಗಿ ಕೆ.ಆರ್. ನಗರದ ಕಡೆ ಹೋದಳು ಎಂದು ಆಮೇಲೆ ಕೇಳಿದೆ.

ಇದಾದ ಮೇಲೆ ನಾನು ಒಂದು ಕೆಲಸ ಮಾಡಿದೆ ಎಂದು ಹೇಳಿಕೊಳ್ಳಬಹುದು. ಆ ಪದ್ಧತಿ ನಿಲ್ಲಿಸಿದೆ. ನನ್ನ ನಿಯಮವನ್ನೂ ಕಲಿಸುವುದು ಬಿಟ್ಟೆ. ಏಕೆ ಬಿಟ್ಟೆ ಎಂದು ಮಾತ್ರ ಯಾರಿಗೂ ಹೇಳಲಿಲ್ಲ. ವರ್ಷಗಳು ಕಳೆದವು, ಕ್ಯಾಲ್ಕುಲೇಟರ್ ಬಂತು, ಫೋನು ಬಂತು. ನಾನು ವರ್ಷಗಟ್ಟಲೆ ಕೂತು ಭಾಗಿಸಿದ ಸಂಖ್ಯೆಯನ್ನು ಈಗ ನಿಮ್ಮ ಫೋನಿಗೆ ಕೊಟ್ಟರೆ ಕಣ್ಣು ಮಿಟುಕಿಸುವುದರೊಳಗೆ ಅವಿಭಾಜ್ಯ ಎನ್ನುತ್ತದೆ, ಮುಂದಿನದಕ್ಕೆ ಹದಿನೇಳು ಎನ್ನುತ್ತದೆ. ಒಳ್ಳೆಯದೇ. ಆದರೆ ತರಗತಿಯಲ್ಲಿ ಒಂದು ಮಗು ಎದ್ದು ನಿಂತು ಅಲ್ಲ ಮಿಸ್ ಎಂದಾಗ ಏನು ಮಾಡಬೇಕು ಎಂಬುದು ಅದರಲ್ಲಿಲ್ಲ. ಅದು ಆಗಲೂ ನನ್ನ ಕೈಯಲ್ಲೇ ಇತ್ತು, ಈಗ ನಿಮ್ಮ ಕೈಯಲ್ಲಿದೆ.

ತರಬೇತಿಯ ಹುಡುಗಿ ಆ ಪ್ರಶ್ನೆ ಕೇಳಿದ ಮಾರನೆಯ ವಾರ, ಹಳೆಯ ವಿದ್ಯಾರ್ಥಿಯೊಬ್ಬನಿಂದ ವಿಳಾಸ ತಗೊಂಡು ಕೆ.ಆರ್. ನಗರಕ್ಕೆ ಬಸ್ಸು ಹತ್ತಿದೆ. ಅಲ್ಲಿಂದ ಭೇರ್ಯಕ್ಕೆ ಇನ್ನೊಂದು ಬಸ್ಸು, ಆಮೇಲೆ ಆಟೊ. ಮಂಜುಳ ಅಲ್ಲಿ ಸಸಿಗಳ ನರ್ಸರಿ ಇಟ್ಟಿದ್ದಾಳೆ. ಹಸಿರು ನೆರಳು ಪರದೆಯ ಕೆಳಗೆ ಟೊಮೆಟೊ, ಬದನೆ, ಮೆಣಸಿನ ಸಸಿಗಳ ಟ್ರೇಗಳು ಉದ್ದಕ್ಕೂ ಜೋಡಿಸಿದ್ದವು. ಆ ತುದಿಯಲ್ಲಿ ನಾಲ್ಕು ಜನ ಹೆಂಗಸರು ಟ್ರೇಗಳಿಗೆ ಗೊಬ್ಬರ ತುಂಬುತ್ತಿದ್ದರು. ಅವಳ ತಲೆ ಅಲ್ಲಲ್ಲಿ ನೆರೆತಿದೆ. ನನ್ನನ್ನು ಕಂಡ ಕೂಡಲೇ ಗುರುತು ಹಿಡಿದಳು.

"ಅಯ್ಯೋ, ಮಿಸ್! ನೀವಾ!" ಎಂದು ಓಡಿಹೋಗಿ ಪ್ಲಾಸ್ಟಿಕ್ ಕುರ್ಚಿ ತಂದು ಸೆರಗಿನಲ್ಲಿ ಒರೆಸಿ ಹಾಕಿದಳು. ನಾನು ಕೂರಲಿಲ್ಲ. ಅವಳು ಕೈಗೆತ್ತಿಕೊಂಡ ಟ್ರೇಯಲ್ಲಿ ಒಂದು ಗುಂಡಿ ಖಾಲಿಯಿತ್ತು.

ಸುಮ್ಮನಿರಲಾರದೆ, "ಇದರಲ್ಲಿ ಎಷ್ಟಿವೆ?" ಎಂದೆ.

"ತೊಂಬತ್ತೆಂಟಿರ್ತವೆ ಮಿಸ್, ಏಳಕ್ ಅದಿನಾಕು. ಒಂದ್ ಸತ್ತದೆ. ತೊಂಬತ್ತೇಳು." ಖಾಲಿ ಗುಂಡಿಯ ಮೇಲೆ ಬೆರಳಿಟ್ಟು, "ಅದ್ ಯಾವ್ ಸಾಲ್ಗೂ ಕೂರಕಿಲ್ಲ," ಎಂದಳು.

ಬಂದ ಕೆಲಸ ಹೇಳಿದೆ. ಮೂವತ್ತು ವರ್ಷದ ಹತ್ತಿರದ ಮಾತು, ನಿನಗೆ ನೆನಪಿದೆಯೋ ಇಲ್ಲವೋ ಎಂದು ಶುರುಮಾಡಿದೆ.

"ನೆನಪೈತೆ," ಎಂದಳು. ನಗು ಹೋಗಿತ್ತು. "ಒಂದ್ ಮೂರು ಬುಟ್ಬುಟ್ರಿ ಮಿಸ್. ಐದ್ನೇದು ಇಳ್ಸಿದ್ ಮ್ಯಾಲೆ. ನಂಗೆ ಅಲ್ಲೇ ಕಂಡ್ತು."

"ಮತ್ತೆ ಯಾಕೆ ಹೇಳಲಿಲ್ಲ?"

"ಏಳಿದ್ನಲ್ಲ ಮಿಸ್, ಮೊದ್ಲೇ. ಅದಿನೇಳ್ರಲ್ಲಿ ಆಯ್ತದೆ ಅಂತ."

"ಸೋಮವಾರ ಆ ಮಾತು ಯಾಕೆ ಹೇಳಿದೆ ಮತ್ತೆ? ತಪ್ಪು ಅಂತ ಯಾಕೆ ಒಪ್ಪಿಕೊಂಡೆ?"

"ಕಾಲ್ ನೋಯ್ತಿತ್ತು ಮಿಸ್. ಬೆಳಗ್ಗೆಲ್ಲ ನಿಂತ್ಕಂಡು ಸೊಪ್ ಕಟ್ಟಿ ಬತ್ತಿದ್ದೆ. ನಿಮ್ ಪಿರಿಯಡ್ಡಲ್ಲೂ ನಿಂತ್ಕಂಡ್ರೆ..." ಅವಳು ಟ್ರೇ ಕೆಳಗಿಟ್ಟಳು. "ಲೆಕ್ಕ ಸರಿಯಿದ್ರೂ ಕಾಲ್ ನೋಯ್ತದೆ ಅಂತ ಗೊತ್ತಾಯ್ತು. ಆಮ್ಯಾಕೆ ಬ್ಯಾಡ ಅನ್ನುಸ್ತು, ಅಷ್ಟೆಯ."

ಅಷ್ಟೇ. ದೂರಿಲ್ಲ, ಕಣ್ಣೀರಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಭಾನುವಾರವೇ ನನಗೆ ಗೊತ್ತಾಗಿತ್ತು, ಗೊತ್ತಿದ್ದೂ ನಿನ್ನಿಂದ ಎರಡು ಸಲ ಹೇಳಿಸಿದೆ ಎಂದೆ. ಇದು ಮಾತ್ರ ಅವಳಿಗೆ ತಿಳಿದಿರಲಿಲ್ಲ. ಅವಳು ಸಸಿ ಬಾಕ್ಸಿನ ಒಂದು ರಟ್ಟು ಹರಿದು, ಟ್ರೇಗೆ ಹೆಸರು ಬರೆಯುವ ದಪ್ಪ ಪೆನ್ನಿನೊಂದಿಗೆ ನನ್ನ ಕೈಗೆ ಕೊಟ್ಟಳು.

"ಮಾಡಿ ಮಿಸ್."

ನಿಂತುಕೊಂಡೇ ಮಾಡಿದೆ. ಪ್ರತಿ ಮೂರರ ಮೇಲೂ ಚುಕ್ಕೆ ಇಟ್ಟೆ. ಅವಳು ಬಗ್ಗಿ ನೋಡುತ್ತಾ ಪ್ರತಿ ಚುಕ್ಕೆಯನ್ನೂ ಎಣಿಸಿದಳು. ಕೊನೆಯಲ್ಲಿ ಐವತ್ತೊಂದರಲ್ಲಿ ಐವತ್ತೊಂದು ಹೋಯಿತು. ಸೊನ್ನೆ ಬರೆದೆ. ಪೆನ್ನು ಮುಚ್ಚಿ, ಪ್ರತಿ ವರ್ಷ ಕೊಟ್ಟು ಒಮ್ಮೆಯೂ ಉಳಿಸಿಕೊಳ್ಳದ ಮಾತನ್ನು ಹೇಳಿದೆ. "ಲೆಕ್ಕ ಸರಿ, ನಾನು ತಪ್ಪು."

ಮಂಜುಳ ಆ ತುದಿಯಲ್ಲಿ ಗೊಬ್ಬರ ತುಂಬುತ್ತಿದ್ದ ಹೆಂಗಸರ ಕಡೆ ನೋಡಿದಳು. ಮತ್ತೆ ನನ್ನ ಕಡೆ ತಿರುಗಿದಳು.

"ಕೊನೇ ಬೆಂಚ್ಗೆ ಕೇಳ್ಲಿಲ್ಲ ಮಿಸ್."

ಉಸಿರೆಳೆದುಕೊಂಡು, ತರಗತಿಯಲ್ಲಿ ಮಾತಾಡುತ್ತಿದ್ದ ದನಿಯಲ್ಲಿ ಮತ್ತೆ ಹೇಳಿದೆ. ನಾಲ್ವರೂ ಕೆಲಸ ನಿಲ್ಲಿಸಿ ತಿರುಗಿ ನೋಡಿದರು.

"ಕುಂತ್ಕಳಿ ಮಿಸ್," ಎಂದಳು.

ನನ್ನ ಕಾಲೂ ನೋಯುತ್ತಿತ್ತು. ಕೂತೆ.